ಕಚೇರಿಯ ಮುಂದಿನ ಅಂಗಳ ಯಾರದು?



ಮಲೆನಾಡಿನಲ್ಲಿ ಅಂಗಳಕ್ಕೆ ಮನೆಯಷ್ಟೇ ಮಹತ್ವವಿದೆ. ಅಡಿಕೆ ಒಣಗುವುದು ಅಲ್ಲಿ, ಭತ್ತ ಬಡಿಯುವುದು ಅಲ್ಲಿ, ಮದುವೆಯ ಚಪ್ಪರ ಏಳುವುದೂ ಅಲ್ಲಿಯೇ. ಮಳೆಗಾಲ ಮುಗಿದೊಡನೆ ಅಂಗಳವನ್ನು ಕೆತ್ತಿ, ಮಟ್ಟಮಾಡಿ, ಸೆಗಣಿ ಸಾರಿಸುವ ಕ್ರಮ ತಲೆಮಾರುಗಳಿಂದ ನಡೆದುಬಂದಿದೆ. ಮಳೆಗೆ ಮುನ್ನ ಮಣ್ಣು ಕೊಚ್ಚಿಹೋಗದಂತೆ ಸೋಗೆ ಹಾಸುವುದು, ನೀರು ಯಾವ ಮೂಲೆಯಿಂದ ಇಳಿದು ತೋಟ ಸೇರಬೇಕೆಂದು ನೋಡಿಕೊಳ್ಳುವುದು ಅದೇ ಕ್ರಮದ ಇನ್ನೊಂದು ಭಾಗ. ಅಂಗಳದ ರೂಪವನ್ನು ನಿರ್ಧರಿಸುತ್ತಿದ್ದುದು ಎರಡು ಸಂಗತಿಗಳು: ಅಲ್ಲಿ ದುಡಿಯುವವರ ಅಗತ್ಯ ಮತ್ತು ಅದರಡಿಯ ನೆಲದ ಸ್ವಭಾವ.

ಈ ಅಂಗಳಗಳನ್ನು ಕೇವಲ ಹೊಗಳುವುದು ಸರಿಯಲ್ಲ. ಯಾರು ಜಗುಲಿ ಏರಬಹುದು, ಯಾರು ಅಂಗಳದಲ್ಲೇ ನಿಲ್ಲಬೇಕು, ಯಾರು ಅಂಗಳಕ್ಕೂ ಬರಕೂಡದು ಎಂಬ ಜಾತಿಯ ಲೆಕ್ಕ ಅಲ್ಲಿತ್ತು. ಸರ್ಕಾರಿ ಕಚೇರಿಯ ಮುಂದಿನ ಅಂಗಳ ಆ ಲೆಕ್ಕವನ್ನು ಒಪ್ಪದ ನೆಲ. ಅಲ್ಲಿ ನಿಲ್ಲುವವರು ಯಾರ ದಾಕ್ಷಿಣ್ಯದಿಂದಲೂ ನಿಲ್ಲುವುದಿಲ್ಲ, ನಾಗರಿಕರೆಂಬ ಹಕ್ಕಿನಿಂದ ನಿಲ್ಲುತ್ತಾರೆ. ಆದ್ದರಿಂದಲೇ ಆ ಅಂಗಳವನ್ನು ಅಗೆದು ಹೊಸದಾಗಿ ಕಟ್ಟುವಾಗ ಯಾರನ್ನು ಕೇಳಲಾಯಿತು, ನೆಲದ ಬಗ್ಗೆ ಏನನ್ನು ತಿಳಿದುಕೊಳ್ಳಲಾಯಿತು ಎಂಬ ಪ್ರಶ್ನೆಗಳು ಮುಖ್ಯವಾಗುತ್ತವೆ.

ಈ ಪ್ರಶ್ನೆಗಳು ಬಹಳ ದೊಡ್ಡದಾಗಿ ಎದ್ದು, ನ್ಯಾಯಾಲಯದ ಮೆಟ್ಟಿಲನ್ನೂ ಏರಿದ ಅಂಗಳವೊಂದು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿದೆ. ದೂರದ ಊರಿನದಾದರೂ ಅದರ ಕಥೆ ಬೆಟ್ಟದ ಊರುಗಳಿಗೂ ಪಾಠವಾಗಬಲ್ಲದು.

ಉಕ್ಕಿನ ಗೋಡೆ

ನ್ಯೂಯಾರ್ಕಿನ ಮ್ಯಾನ್‌ಹಟನ್ ಭಾಗದಲ್ಲಿ ಜೇಕಬ್ ಜಾವಿಟ್ಸ್ ಫೆಡರಲ್ ಕಟ್ಟಡವೆಂಬ 41 ಅಂತಸ್ತುಗಳ ಸರ್ಕಾರಿ ಕಚೇರಿಯಿದೆ. ಅದು ಕಟ್ಟಿ ಮುಗಿದದ್ದು 1960ರ ದಶಕದ ಕೊನೆಯಲ್ಲಿ. ಕೇಂದ್ರ ಸರ್ಕಾರದ ಅನೇಕ ಇಲಾಖೆಗಳ ಜೊತೆಗೆ ವಲಸೆಗಾರರ ಅರ್ಜಿಗಳನ್ನು ನೋಡುವ ಕಚೇರಿಯೂ ವಲಸೆ ನ್ಯಾಯಾಲಯವೂ ಅಲ್ಲಿವೆ. ಕಟ್ಟಡದ ಮುಂದೆ ಫೆಡರಲ್ ಪ್ಲಾಜಾ ಎಂಬ ವಿಶಾಲವಾದ ಚೌಕವಿದೆ. ಚೌಕದ ಅಡಿಯಲ್ಲಿ ವಾಹನ ನಿಲ್ಲಿಸುವ ನೆಲಮಾಳಿಗೆಯಿದೆ. ಮೇಲಿನಿಂದ ನೋಡುವವರಿಗೆ ನೆಲದಂತೆ ಕಾಣುವುದು ವಾಸ್ತವದಲ್ಲಿ ಒಂದು ಮಾಳಿಗೆಯ ಛಾವಣಿ.

ಸರ್ಕಾರಿ ಕಟ್ಟಡಗಳ ನಿರ್ಮಾಣ ಮತ್ತು ನಿರ್ವಹಣೆಯನ್ನು ಅಲ್ಲಿ ಜನರಲ್ ಸರ್ವಿಸಸ್ ಅಡ್ಮಿನಿಸ್ಟ್ರೇಷನ್ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ. ಕೆಲಸದ ಮಟ್ಟಿಗೆ ಇಲ್ಲಿನ ಲೋಕೋಪಯೋಗಿ ಇಲಾಖೆಯನ್ನು ಹೋಲುತ್ತದೆ. ಕಟ್ಟಡಗಳ ಮುಂದೆ ಕಲಾಕೃತಿಗಳನ್ನು ನಿಲ್ಲಿಸುವ ಯೋಜನೆಯಡಿ ಈ ಸಂಸ್ಥೆ 1979ರಲ್ಲಿ ಶಿಲ್ಪಿ ರಿಚರ್ಡ್ ಸೆರಾ ಅವರಿಗೆ ಕೆಲಸವನ್ನು ಒಪ್ಪಿಸಿತು. 1981ರಲ್ಲಿ ಅವರ ‘ಟಿಲ್ಟೆಡ್ ಆರ್ಕ್’, ಎಂದರೆ ವಾಲಿದ ಕಮಾನು, ಚೌಕದ ನಡುವೆ ನಿಂತಿತು. ಅದು 120 ಅಡಿ ಉದ್ದ, 12 ಅಡಿ ಎತ್ತರ, ಎರಡೂವರೆ ಅಂಗುಲ ದಪ್ಪದ ಉಕ್ಕಿನ ಬಾಗಿದ ಗೋಡೆ. ಹವೆಗೆ ಒಡ್ಡಿಕೊಂಡು ತಾನೇ ತುಕ್ಕಿನ ಕಂದುಬಣ್ಣಕ್ಕೆ ತಿರುಗುವ ಉಕ್ಕು ಅದು. ತಗುಲಿದ ವೆಚ್ಚ 1,75,000 ಡಾಲರ್.

ನೇರವಾಗಿ ಚೌಕ ದಾಟಿ ಬಾಗಿಲಿಗೆ ಹೋಗುತ್ತಿದ್ದವರು ಈಗ ಗೋಡೆಯನ್ನು ಸುತ್ತಿ ಹೋಗಬೇಕಾಯಿತು. ಶಿಲ್ಪಿಯ ಉದ್ದೇಶವೂ ಅದೇ ಆಗಿತ್ತು: ನಡೆಯುವವರಿಗೆ ತಮ್ಮ ನಡಿಗೆಯ ಅರಿವಾಗಬೇಕು, ಆ ಜಾಗವನ್ನು ಅವರು ಹೊಸದಾಗಿ ಕಾಣಬೇಕು. ಕಟ್ಟಡದೊಳಗೆ ದುಡಿಯುವವರಿಗೆ ಅದು ಹಾಗೆ ತೋರಲಿಲ್ಲ. ಕೆಲವೇ ಸಮಯದಲ್ಲಿ 1,300 ನೌಕರರು ತೆರವಿಗೆ ಒತ್ತಾಯಿಸಿ ಮನವಿಗೆ ಸಹಿ ಹಾಕಿದರು. ಕಟ್ಟಡದಲ್ಲಿ ಕಾರ್ಯ ನಿರ್ವಹಿಸುತ್ತಿದ್ದ ನ್ಯಾಯಾಧೀಶರೂ ದೂರಿದರು.

ಮೂರು ದಿನಗಳ ವಿಚಾರಣೆ

1985ರ ಮಾರ್ಚ್‌ನಲ್ಲಿ ಮೂರು ದಿನಗಳ ಬಹಿರಂಗ ವಿಚಾರಣೆ ನಡೆಯಿತು. ಮಾತನಾಡಿದ 180 ಜನರಲ್ಲಿ 122 ಮಂದಿ ಗೋಡೆ ಇರಲಿ ಎಂದರು. 58 ಮಂದಿ ಬೇಡವೆಂದರು. ಉಳಿಸಲು ಕೇಳಿದವರಲ್ಲಿ ಕಲಾವಿದರು, ವಿಮರ್ಶಕರು, ವಸ್ತುಸಂಗ್ರಹಾಲಯದವರು ಹೆಚ್ಚು. ತೆಗೆಯಲು ಕೇಳಿದವರಲ್ಲಿ ಆ ಕಟ್ಟಡದ ನೌಕರರು ಹೆಚ್ಚು. ಗೋಡೆಯ ಮರೆಯಲ್ಲಿ ಕೊಳಕು ಸೇರುತ್ತದೆ, ಇಲಿಗಳು ಹೆಚ್ಚಿವೆ, ಬಾಂಬು ಸಿಡಿದರೆ ಗೋಡೆಯೇ ಸ್ಫೋಟವನ್ನು ಕಟ್ಟಡದತ್ತ ತಿರುಗಿಸುತ್ತದೆ ಎಂಬ ವಾದಗಳೂ ಬಂದವು. ಸೆರಾ ಅವರದು ಬೇರೆಯೇ ವಾದ: ಈ ಕೃತಿ ಈ ಜಾಗಕ್ಕಾಗಿಯೇ ಆದದ್ದು, ಇದನ್ನು ಸ್ಥಳಾಂತರಿಸಿದರೆ ನಾಶಮಾಡಿದಂತೆಯೇ.

ಐವರ ಸಮಿತಿ ನಾಲ್ಕು ಮತಗಳಿಂದ ಗೋಡೆಯನ್ನು ಸ್ಥಳಾಂತರಿಸಲು ಶಿಫಾರಸು ಮಾಡಿತು. ಸೆರಾ ನ್ಯಾಯಾಲಯಕ್ಕೆ ಹೋದರು. 1988ರಲ್ಲಿ ಮೇಲ್ಮನವಿಯಲ್ಲೂ ಸೋತರು. 1989ರ ಮಾರ್ಚ್ 15ರ ರಾತ್ರಿ ಗೋಡೆಯನ್ನು ಕತ್ತರಿಸಿ ಸಾಗಿಸಲಾಯಿತು. ಅದು ಮತ್ತೆಲ್ಲಿಯೂ ನಿಲ್ಲಲಿಲ್ಲ. ಸೆರಾ 2024ರಲ್ಲಿ ನಿಧನರಾದರು.

ಈ ಪ್ರಕರಣವನ್ನು ಕಲೆ ಮತ್ತು ಜನಸಾಮಾನ್ಯರ ನಡುವಿನ ಜಗಳವೆಂದು ವರ್ಣಿಸುವುದು ರೂಢಿ. ಆದರೆ ಅದಕ್ಕಿಂತ ಮೂಲದ ಸಂಗತಿಯೊಂದಿದೆ. ಗೋಡೆ ನಿಂತ ನಾಲ್ಕು ವರ್ಷಗಳ ಬಳಿಕ ನಡೆದ ವಿಚಾರಣೆ, ನಿಲ್ಲಿಸುವ ಮೊದಲೇ ನಡೆದಿದ್ದರೆ? ಕಟ್ಟಿದ ಮೇಲೆ ಕೇಳಿದರೆ ಉತ್ತರ ಎರಡೇ ಆಗಿರುತ್ತದೆ, ಇರಲಿ ಅಥವಾ ತೆಗೆಯಿರಿ. ಕಟ್ಟುವ ಮೊದಲು ಕೇಳಿದರೆ ನೂರು ಉತ್ತರಗಳಿಗೆ ಅವಕಾಶವಿರುತ್ತದೆ. ಇನ್ನೊಂದು ಮಾತು: ಆ ಚರ್ಚೆಯನ್ನು ಆವರಿಸಿದ್ದು ಕಲಾಲೋಕ ಮತ್ತು ನೌಕರವರ್ಗ, ಈ ಎರಡು ದನಿಗಳು. ಅದೇ ಕಟ್ಟಡದ ವಲಸೆ ಕಚೇರಿಗೆ ಅರ್ಜಿ ಹಿಡಿದು ಬಂದು ಸರದಿಯಲ್ಲಿ ನಿಲ್ಲುವವರ ದನಿ ಆ ಗದ್ದಲದಲ್ಲಿ ಮುಂದೆ ಬರಲೇ ಇಲ್ಲ. ಚೌಕದಲ್ಲಿ ಅತ್ಯಂತ ದೀರ್ಘಕಾಲ ಕಾಯುವವರು ಅವರೇ.

ಸೋರುವ ಛಾವಣಿ

ಗೋಡೆ ಹೋದ ಬಳಿಕ ತಾತ್ಕಾಲಿಕವಾಗಿ ಬೆಂಚುಗಳೂ ಗಿಡಗಳ ತೊಟ್ಟಿಗಳೂ ಬಂದವು. ಆದರೆ ಅಡಿಯ ನೆಲಮಾಳಿಗೆಯ ನೀರುತಡೆ ಪದರ ಹಾಳಾಗಿತ್ತು. ಅದನ್ನು ಸರಿಪಡಿಸಲು 1990ರ ದಶಕದಲ್ಲಿ ಚೌಕವನ್ನೇ ಕೀಳಬೇಕಾಯಿತು. ಆ ಸಂದರ್ಭದಲ್ಲಿ ಭೂದೃಶ್ಯ ವಿನ್ಯಾಸಕಿ ಮಾರ್ಥಾ ಶ್ವಾರ್ಟ್ಸ್ ಹೊಸ ರೂಪ ಕೊಟ್ಟರು. ಉದ್ಯಾನಗಳಲ್ಲಿ ಕಾಣುವ ಸಾಮಾನ್ಯ ಬೆಂಚುಗಳನ್ನೇ ಕಣ್ಣು ಕುಕ್ಕುವ ಹಸಿರು ಬಣ್ಣದಲ್ಲಿ, ಬೆನ್ನಿಗೆ ಬೆನ್ನು ಕೊಟ್ಟು, ಹಾವು ಸುತ್ತಿದಂತೆ ಉದ್ದಕ್ಕೆ ಸುತ್ತಿಸಿದರು. ನಡುನಡುವೆ ಹುಲ್ಲಿನ ದಿಬ್ಬಗಳು, ಬೇಸಿಗೆಯಲ್ಲಿ ದಿಬ್ಬಗಳಿಂದ ಮಂಜಿನಂತೆ ನೀರಿನ ಹನಿ. ಒಬ್ಬರೇ ಕೂರಬಯಸುವವರಿಗೂ ಗುಂಪಾಗಿ ಕೂರುವವರಿಗೂ ಜಾಗ ದೊರೆಯಿತು. 1997ರ ಹೊತ್ತಿಗೆ ಈ ಚೌಕ ಸಿದ್ಧವಾಯಿತು.

ಅದೂ ಉಳಿಯಲಿಲ್ಲ. ಮತ್ತೆ ಅಡಿಯ ಮಾಳಿಗೆಯ ನೀರುತಡೆ ಪದರವನ್ನು ಬದಲಿಸಬೇಕಾಗಿ ಬಂತು. ಚೌಕವನ್ನು ಪುನಃ ಕಿತ್ತು, ಮೈಕೆಲ್ ವ್ಯಾನ್ ವಾಲ್ಕೆನ್‌ಬರ್ಗ್ ಅವರ ಸಂಸ್ಥೆಯ ವಿನ್ಯಾಸದಂತೆ ಬಾಗಿದ ಆಸನಗಳು, ಎತ್ತರಿಸಿದ ಪಾತಿಗಳು, ಮರಗಿಡಗಳ ಹೊಸ ಚೌಕವನ್ನು 2013ರಲ್ಲಿ ಪೂರ್ಣಗೊಳಿಸಲಾಯಿತು. ಹೀಗೆ 1981ರಿಂದ 2013ರವರೆಗಿನ 32 ವರ್ಷಗಳಲ್ಲಿ ಒಂದೇ ಅಂಗಳ ಮೂರು ರೂಪಗಳನ್ನು ಕಂಡಿತು.

ಮಣ್ಣನ್ನು ಬಲ್ಲವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಒಂದು ಮೀಟರ್ ಆಳದ ಮಣ್ಣು ಮಳೆಯಲ್ಲಿ ನೆನೆದರೆ ಪ್ರತಿ ಚದರ ಮೀಟರ್‌ಗೆ ಸುಮಾರು ಎರಡು ಟನ್ ತೂಗುತ್ತದೆ. ಛಾವಣಿ ಅದನ್ನು ಹೊರಬೇಕು. ಬೇರು ತೇವವನ್ನು ಹುಡುಕುತ್ತಾ ಬಿರುಕಿಗೆ ಇಳಿಯುತ್ತದೆ. ನೀರುತಡೆ ಪದರಕ್ಕೆ ಕೆಲವು ದಶಕಗಳ ಆಯುಸ್ಸು. ಮರ ಪೂರ್ಣವಾಗಿ ಬೆಳೆಯಲು ಬೇಕಾದದ್ದೂ ಅಷ್ಟೇ ಕಾಲ. ಮರ ನೆರಳು ಕೊಡುವ ಪ್ರಾಯಕ್ಕೆ ಬರುವಾಗ ಅದರಡಿಯ ಪದರ ಹರಿದಿರುತ್ತದೆ. ಯಾವ ವಿನ್ಯಾಸಕನ ಪ್ರತಿಭೆಯೂ ಈ ಲೆಕ್ಕವನ್ನು ಮೀರಲಾರದು.

ನೆಲ ಮರೆಯುವುದಿಲ್ಲ

ಆ ಪ್ರದೇಶದ ನೆಲಕ್ಕೆ ಇನ್ನೂ ಹಳೆಯ ಚರಿತ್ರೆಯಿದೆ. ಕಟ್ಟಡದ ಆಸುಪಾಸಿನಲ್ಲಿ ಕಲೆಕ್ಟ್ ಪಾಂಡ್ ಎಂಬ ಸಿಹಿನೀರಿನ ಕೆರೆಯಿತ್ತು. ವಿಸ್ತಾರ ಸುಮಾರು 48 ಎಕರೆ. ನಗರ ಕುಡಿಯುತ್ತಿದ್ದ ನೀರು ಅದರದಾಗಿತ್ತು. ಚರ್ಮ ಹದಮಾಡುವವರು, ಕಸಾಯಿಖಾನೆಯವರು ತಮ್ಮ ಕೊಳಕನ್ನು ಅದಕ್ಕೆ ಬಿಟ್ಟರು. ಕೆರೆ ಕೆಟ್ಟಿತು, ಕೆಟ್ಟ ಕೆರೆಯನ್ನು ಹತ್ತಿರದ ಗುಡ್ಡ ಕಡಿದು 1811ರ ಹೊತ್ತಿಗೆ ಮುಚ್ಚಿದರು. ಮುಚ್ಚಿದ ನೆಲ ಕುಸಿಯುತ್ತಾ, ಜವುಗಾಗುತ್ತಾ ಹೋಯಿತು. ಅದರ ಮೇಲೆ ಕಟ್ಟಿದ ಮನೆಗಳು ವಾಲಿದವು. ಉಳ್ಳವರು ಬಿಟ್ಟು ಹೋದರು, ಬಡವರು ಬಂದು ನೆಲೆಸಿದರು. ಕೆರೆಗಳನ್ನು ಮುಚ್ಚಿ ಬಸ್ ನಿಲ್ದಾಣ, ಬಡಾವಣೆಗಳನ್ನು ಕಟ್ಟಿಕೊಂಡ ಕರ್ನಾಟಕದ ಊರುಗಳಿಗೆ ಈ ಕಥೆಯನ್ನು ವಿವರಿಸಬೇಕಾಗಿಲ್ಲ.

ಹತ್ತಿರದಲ್ಲೇ ಇನ್ನೊಂದು ಘಟನೆ ನಡೆಯಿತು. 1991ರಲ್ಲಿ ಅದೇ ಸರ್ಕಾರಿ ಸಂಸ್ಥೆ ಮತ್ತೊಂದು ಕಚೇರಿ ಕಟ್ಟಡಕ್ಕಾಗಿ ನೆಲ ಅಗೆಯಿಸಿದಾಗ ಮನುಷ್ಯರ ಅಸ್ಥಿಗಳು ದೊರೆತವು. ಆ ಜಾಗ ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟವರ ಮತ್ತು ಅವರ ಮಕ್ಕಳ ರುದ್ರಭೂಮಿಯಾಗಿತ್ತು. 18ನೇ ಶತಮಾನದ ನಕ್ಷೆಯಲ್ಲಿ ಅದು ಗುರುತಾಗಿದ್ದರೂ, ನಂತರದ ಕಟ್ಟಡಗಳಿಂದ ಎಲ್ಲವೂ ಅಳಿದಿರುತ್ತದೆಂದು ಭಾವಿಸಲಾಗಿತ್ತು. ಮೇಲೆ ಸುರಿದಿದ್ದ ದಪ್ಪನೆಯ ಮಣ್ಣೇ ಅವರನ್ನು ಕಾಪಾಡಿತ್ತು. 400ಕ್ಕೂ ಹೆಚ್ಚು ಜನರ ಅವಶೇಷಗಳನ್ನು ಹೊರತೆಗೆದ ಬಳಿಕ, ಕಪ್ಪು ಸಮುದಾಯದ ಪ್ರತಿಭಟನೆಯಿಂದಾಗಿ 1992ರಲ್ಲಿ ಅಗೆತ ನಿಂತಿತು. ಕಟ್ಟಡದ ಒಂದು ಭಾಗವನ್ನು ಕೈಬಿಡಲಾಯಿತು. 2003ರಲ್ಲಿ ಅವಶೇಷಗಳನ್ನು ಗೌರವದಿಂದ ಮತ್ತೆ ಮಣ್ಣು ಮಾಡಲಾಯಿತು. 2006ರಲ್ಲಿ ಆ ಸ್ಥಳ ರಾಷ್ಟ್ರೀಯ ಸ್ಮಾರಕವೆಂದು ಘೋಷಿತವಾಯಿತು. ನಕ್ಷೆಯಲ್ಲಿ ಖಾಲಿ ಎಂದು ಕಾಣುವ ಸರ್ಕಾರಿ ಜಾಗ ಖಾಲಿಯಾಗಿರಬೇಕೆಂದಿಲ್ಲ. ಮಲೆನಾಡಿನಲ್ಲಿ ಅಂತಹ ಜಾಗ ಯಾರದೋ ಗೋಮಾಳ, ಯಾರದೋ ಬನ, ಯಾರದೋ ಸಮಾಧಿಯ ನೆಲವಾಗಿರಬಹುದು.

ಕೂರುವ ಜಾಗದ ಲೆಕ್ಕ

ಜನರಿಗೆ ಬೇಕಾದುದೇನೆಂದು ತಿಳಿಯುವ ಸರಳ ವಿಧಾನವನ್ನೂ ಅದೇ ನಗರ ಕಂಡುಕೊಂಡಿತು. 1961ರ ನಿಯಮದಂತೆ, ನೆಲಮಟ್ಟದಲ್ಲಿ ಸಾರ್ವಜನಿಕ ಚೌಕ ಬಿಡುವ ಖಾಸಗಿ ಕಟ್ಟಡಗಳಿಗೆ ಹೆಚ್ಚುವರಿ ಅಂತಸ್ತುಗಳ ಅವಕಾಶ ದೊರೆಯುತ್ತಿತ್ತು. ಚೌಕಗಳೇನೋ ಬಂದವು, ಆದರೆ ಅನೇಕವು ಬಿಕೋ ಎನ್ನುತ್ತಿದ್ದವು. 1970ರ ದಶಕದಲ್ಲಿ ವಿಲಿಯಂ ವೈಟ್ ಎಂಬವರು ತಮ್ಮ ಸಹಾಯಕರೊಡನೆ ಚೌಕಗಳ ಎದುರು ಕ್ಯಾಮೆರಾ ಇಟ್ಟು, ಜನ ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಕೂರುತ್ತಾರೆ, ಎಷ್ಟು ಹೊತ್ತು ಎಂದು ದಿನಗಟ್ಟಲೆ ಎಣಿಸಿದರು. ಕೂರಲು ಜಾಗವಿದ್ದಲ್ಲಿ ಜನ ಕೂರುತ್ತಾರೆ ಎಂಬ, ಹೇಳಿದರೆ ನಗು ಬರುವಷ್ಟು ಸರಳವಾದ ಸತ್ಯ ಅವರಿಗೆ ದೊರೆಯಿತು. ಜೊತೆಗೆ ಬಿಸಿಲು, ಮರ, ನೀರು, ತಿನ್ನಲು ಸಿಗುವ ಏನಾದರೂ ಇದ್ದರೆ ಇನ್ನೂ ಒಳಿತು. ಅವರ ಶೋಧನೆಯ ಆಧಾರದಲ್ಲಿ 1975ರಲ್ಲಿ ನಗರ ನಿಯಮವನ್ನೇ ತಿದ್ದಿತು. ಕಾಗದದ ಮೇಲೆ ಗೆರೆ ಎಳೆಯುವ ಮೊದಲು ಕಣ್ಣಿಟ್ಟು ನೋಡಿ ಎಣಿಸಿದ್ದು ಅವರ ಹೆಚ್ಚುಗಾರಿಕೆ.

ಆದರೆ ಬೆಂಚೂ ನೆರಳೂ ಎಲ್ಲವನ್ನೂ ಸರಿಪಡಿಸುವುದಿಲ್ಲ ಎಂಬ ಎಚ್ಚರವೂ ಇರಬೇಕು. 2025ರಲ್ಲಿ ಫೆಡರಲ್ ಪ್ಲಾಜಾದ ವಲಸೆ ನ್ಯಾಯಾಲಯಕ್ಕೆ ವಿಚಾರಣೆಗೆಂದು ಬಂದವರನ್ನು ಅಲ್ಲಿನ ಮೊಗಸಾಲೆಯಲ್ಲೇ ಬಂಧಿಸಿದ ಪ್ರಕರಣಗಳು ನಡೆದವು, ಹೊರಗೆ ಪ್ರತಿಭಟನೆಗಳಾದವು. ಬಾಗಿಲೇ ಭಯ ಹುಟ್ಟಿಸುವಾಗ ಅಂಗಳ ಎಷ್ಟು ಚೆಲುವಾಗಿದ್ದರೂ ಪ್ರಯೋಜನವಿಲ್ಲ. ಆಗ ಆ ಅಂಗಳದ ಕೊನೆಯ ಉಪಯೋಗ, ಜನ ಒಟ್ಟಾಗಿ ನಿಂತು ದನಿಯೆತ್ತುವುದು.

ಬೆಟ್ಟದ ಊರಿನ ಅಂಗಳ

ಇಷ್ಟನ್ನು ಮನಸ್ಸಿನಲ್ಲಿಟ್ಟು ಮಲೆನಾಡಿನ ತಾಲ್ಲೂಕು ಕಚೇರಿಯ ಅಂಗಳಕ್ಕೆ ಬರಬಹುದು. ಪಹಣಿ, ಪೋಡಿ, ಆದಾಯ ಪ್ರಮಾಣಪತ್ರ, ಬಗರ್‌ಹುಕುಂ ಅರ್ಜಿ, ಅರಣ್ಯ ಹಕ್ಕಿನ ಅರ್ಜಿ ಹೀಗೆ ಯಾವ ಕೆಲಸವಿದ್ದರೂ ಹಳ್ಳಿಯವರು ಬೆಳಗಿನ ಬಸ್ಸಿಗೆ ಬರುತ್ತಾರೆ. ಸರ್ವರ್ ಇಲ್ಲ, ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂಬ ಉತ್ತರ ಕೇಳಿ ಸಂಜೆಯ ಬಸ್ಸಿನವರೆಗೆ ಕಾಯುತ್ತಾರೆ. ಮುಪ್ಪಿನವರು, ಬಾಣಂತಿಯರು, ಊರುಗೋಲಿನವರು ಅವರಲ್ಲಿರುತ್ತಾರೆ. ಇಂತಹ ಅಂಗಳಗಳ ನವೀಕರಣವೆಂದರೆ ಅನೇಕ ಕಡೆ ಹಳೆಯ ಮರ ಕಡಿಯುವುದು, ನೆಲಕ್ಕೆ ಇಂಟರ್‌ಲಾಕ್ ಹಾಸುವುದು, ಸುತ್ತ ಗ್ರಿಲ್ ಹಾಕುವುದು, ಉಳಿದ ಜಾಗವನ್ನು ಜೀಪು ಕಾರುಗಳಿಗೆ ಬಿಡುವುದು ಎಂದಾಗಿದೆ. ಕಾಯುವ ಮನುಷ್ಯನಿಗೆ ದೊರೆಯುವುದು ಕಾಂಪೌಂಡಿನ ಅಂಚು ಮಾತ್ರ.

ನೆಲದ ಲೆಕ್ಕವೂ ಹಾಗೆಯೇ. ಹತ್ತು ಗುಂಟೆ ಅಂಗಳವೆಂದರೆ ಸುಮಾರು 1,000 ಚದರ ಮೀಟರ್. ಮಲೆನಾಡಿನ ಆಷಾಢದಲ್ಲಿ ದಿನಕ್ಕೆ 100 ಮಿಲಿಮೀಟರ್ ಮಳೆ ಅಪರೂಪವಲ್ಲ. ಅಂದು ಆ ಅಂಗಳದ ಮೇಲೆ ಬೀಳುವ ನೀರು ಒಂದು ಲಕ್ಷ ಲೀಟರ್. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಮಳೆ ಪಡೆಯುವ ಆಗುಂಬೆಯಂತಹ ಕಡೆ ಅದೇ ಹತ್ತು ಗುಂಟೆಗೆ ವರ್ಷಕ್ಕೆ 70 ಲಕ್ಷ ಲೀಟರ್‌ಗೂ ಹೆಚ್ಚು. ಮಣ್ಣಿನ ಅಂಗಳ ಅದರಲ್ಲಿ ಒಂದು ಪಾಲನ್ನು ಕುಡಿಯುತ್ತಿತ್ತು. ಗಟ್ಟಿಯಾಗಿ ದಮ್ಮಸು ಮಾಡಿದ ಅಥವಾ ಕಾಂಕ್ರೀಟು ಸುರಿದ ನೆಲದ ಮೇಲೆ ಬಿಲ್ಲೆ ಹಾಸಿದರೆ, ಬಿಲ್ಲೆಗಳ ನಡುವೆ ಸಂದಿಯಿದ್ದರೂ ನೀರು ಇಂಗಲಾರದು. ಆ ಲಕ್ಷ ಲೀಟರ್ ಒಟ್ಟಾಗಿ ಕೆಳಗಿನ ಓಣಿಗೋ, ಕಡಿದು ನಿಲ್ಲಿಸಿದ ಧರೆಗೋ ನುಗ್ಗುತ್ತದೆ. ಗುಡ್ಡ ಕಡಿದು ಮಟ್ಟ ಮಾಡಿದ ನೆಲದಲ್ಲಿ ಇದು ಅಪಾಯಕಾರಿ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಕಡಿದ ಇಳಿಜಾರುಗಳ ಅಪಾಯ ಎಲ್ಲರ ಕಣ್ಣಿಗೂ ಬಿದ್ದಿದೆ.

ಮರದ ಬುಡದ ವಿಷಯದಲ್ಲೂ ಒಂದು ತಪ್ಪು ಸಾಮಾನ್ಯ. ಕಟ್ಟೆ ಕಟ್ಟಬೇಕೆಂಬ ಉತ್ಸಾಹದಲ್ಲಿ ಬೊಡ್ಡೆಯ ಸುತ್ತ ಎರಡು ಮೂರು ಅಡಿ ಮಣ್ಣು ತುಂಬಿ, ಮೇಲೆ ಸಿಮೆಂಟು ಬಳಿಯುತ್ತಾರೆ. ಆಹಾರ ಹೀರುವ ಬೇರುಗಳು ಹೆಚ್ಚಾಗಿ ಮೇಲಿನ ಒಂದೆರಡು ಅಡಿ ಮಣ್ಣಿನಲ್ಲಿರುತ್ತವೆ. ಅವುಗಳಿಗೆ ಗಾಳಿ ಬೇಕು. ಅರಳಿ, ಆಲಗಳು ಇದನ್ನು ಹೇಗೋ ಸಹಿಸುತ್ತವೆ. ಹಲಸು, ಮಾವುಗಳು ಕೆಲವು ವರ್ಷಗಳಲ್ಲಿ ತುದಿಯಿಂದ ಒಣಗುತ್ತಾ ಬರುತ್ತವೆ. ಕಟ್ಟೆಯನ್ನು ಬೊಡ್ಡೆಯಿಂದ ದೂರವಿಟ್ಟು, ನಡುವಿನ ನೆಲವನ್ನು ಹಳೆಯ ಮಟ್ಟದಲ್ಲೇ ಬಿಟ್ಟರೆ ಮರವೂ ಉಳಿಯುತ್ತದೆ, ಕೂರಲು ಜಾಗವೂ ಆಗುತ್ತದೆ. ಹೊಸದಾಗಿ ನೆಡುವುದಾದರೆ ವರ್ಷವಿಡೀ ಹಸಿರಾಗಿರುವ ರೆಂಜೆ, ನೇರಳೆ, ಸುರಗಿಗಳು ಆ ನೆಲಕ್ಕೆ ಒಗ್ಗಿದವು.

ಮಾಡಬಹುದಾದ ಕೆಲಸ

ಈ ಕೆಲಸಕ್ಕೆ ದೊಡ್ಡ ಹಣ ಬೇಕಿಲ್ಲ. ಮೊದಲನೆಯದು ಎಣಿಕೆ. ಕಾಲೇಜಿನ ನಾಲ್ಕಾರು ವಿದ್ಯಾರ್ಥಿಗಳು ಸಂತೆಯ ದಿನ ಒಮ್ಮೆ, ಜೋರು ಮಳೆಯ ದಿನ ಒಮ್ಮೆ, ಏಪ್ರಿಲ್ ಬಿಸಿಲಲ್ಲಿ ಒಮ್ಮೆ ತಮ್ಮ ತಾಲ್ಲೂಕು ಕಚೇರಿಯ ಅಂಗಳದಲ್ಲಿ ಕುಳಿತು ಗಂಟೆಗೊಮ್ಮೆ ಬರೆದುಕೊಳ್ಳಬಹುದು: ಎಷ್ಟು ಜನ ನಿಂತಿದ್ದಾರೆ, ಎಷ್ಟು ಜನ ಕುಳಿತಿದ್ದಾರೆ, ನೆರಳು ಎಲ್ಲಿದೆ, ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತಿದೆ, ಹೆಂಗಸರಿಗೆ ಶೌಚಾಲಯ ಎಷ್ಟು ದೂರ. ಅದರ ನಕ್ಷೆಯೊಂದು ಸಿದ್ಧವಾದರೆ ಯಾವ ಇಂಜಿನಿಯರೂ ಅದನ್ನು ತಳ್ಳಿಹಾಕಲಾರ.

ಎರಡನೆಯದು ಸಕಾಲದ ಪ್ರಶ್ನೆ. ನವೀಕರಣದ ಸುದ್ದಿ ಕಿವಿಗೆ ಬಿದ್ದೊಡನೆ ಮಾಹಿತಿ ಹಕ್ಕು ಅಧಿನಿಯಮ 2005ರಡಿ 10 ರೂಪಾಯಿ ಶುಲ್ಕ ಕೊಟ್ಟು ನಕ್ಷೆ ಮತ್ತು ಅಂದಾಜು ಪಟ್ಟಿ ಕೇಳಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಕೊಡಬೇಕು. ಟೆಂಡರಿಗೆ ಮೊದಲು ಕೇಳಿದರೆ ತಿದ್ದಲು ಎಡೆಯಿದೆ. ಪಟ್ಟಣಗಳಲ್ಲಿ ಮರ ಕಡಿಯುವ ಮುನ್ನ ವೃಕ್ಷ ಸಂರಕ್ಷಣಾ ಕಾಯ್ದೆ 1976ರಂತೆ ವೃಕ್ಷಾಧಿಕಾರಿಯ ಅನುಮತಿ ಬೇಕೆಂಬುದನ್ನು ನೆನಪಿಸಬಹುದು. ಸಾರ್ವಜನಿಕ ಕಟ್ಟಡಗಳಿಗೆ ಅಂಗವಿಕಲರು ಸುಲಭವಾಗಿ ತಲುಪುವಂತಿರಬೇಕೆಂದು 2016ರ ಕಾಯ್ದೆ ಹೇಳುತ್ತದೆ. ಅಂಗಳ ಆ ದಾರಿಯ ಮೊದಲ ಭಾಗ.

ಮೂರನೆಯದು ಹತ್ತಿರದಿಂದ ಆರಂಭಿಸುವುದು. ಗ್ರಾಮ ಪಂಚಾಯಿತಿ ಕಚೇರಿಯ ಮುಂದಿನ ನಾಲ್ಕು ಗುಂಟೆಯ ಬಗ್ಗೆ ಗ್ರಾಮಸಭೆಯಲ್ಲೇ ಚರ್ಚಿಸಬಹುದು. ಅಲ್ಲಿ ಕೈಯೆತ್ತಿ ಮಾತನಾಡಲು ಮೊದಲು ಅವಕಾಶ ದೊರೆಯಬೇಕಾದವರು, ಹಿಂದೆ ಯಾರದೋ ಅಂಗಳದ ಹೊರಗೆ ನಿಲ್ಲಬೇಕಾಗಿದ್ದ ಮನೆಗಳವರು, ಪಿಂಚಣಿಗಾಗಿ ತಿಂಗಳು ತಿಂಗಳು ಬಂದು ಕಾಯುವ ಅಜ್ಜಿಯರು. ಅವರ ಮಾತು ನಡಾವಳಿ ಪುಸ್ತಕದಲ್ಲಿ ದಾಖಲಾದ ಮೇಲೆಯೇ ನಕ್ಷೆಗೆ ಕೈಹಾಕಬೇಕು.

ಮುಂಗಾರು ಆರಂಭವಾಗಲು ಇನ್ನೂ ಸಮಯವಿದೆ. ಮೊದಲ ಜೋರು ಮಳೆಯ ದಿನ ತಮ್ಮ ಊರಿನ ಕಚೇರಿಯ ಅಂಗಳದಲ್ಲಿ ನೀರು ಎಲ್ಲಿ ನಿಲ್ಲುತ್ತದೆ, ಜನ ಎಲ್ಲಿ ನಿಲ್ಲುತ್ತಾರೆ ಎಂದು ಕೆಲವು ವಿದ್ಯಾರ್ಥಿಗಳಾದರೂ ನೋಡಿ ಬರೆದಿಟ್ಟರೆ ಈ ಮಾತುಗಳಿಗೆ ಅರ್ಥ ಬಂದೀತು.